ಕುಡಂ ವಿರುಪಾಕ್ಷ

ವಿಭೂತಿ ಹಣೆಗೆ ಹತ್ತಲಿಲ್ಲ. ಶೈಲಶ್ರೀ ಮೂರು ಬೆರಳು ಕೂಡಿಸಿ ಎಡದಿಂದ ಬಲಕ್ಕೆ ಎಳೆದರೆ ಬೂದಿ ಪುಡಿಯಾಗಿ ಗಂಡನ ಹುಬ್ಬಿನ ಮೇಲೆ ಉದುರಿತು. ಎರಡನೆಯ ಸಲ ಇನ್ನಷ್ಟು ಒತ್ತಿ ಎಳೆದಳು. ಆಗಲೂ ಉದುರಿತು. ನೀಲಿ ಗ್ಲೌಸ್ ಹಾಕಿಕೊಂಡಿದ್ದ ಫ್ಯೂನರಲ್ ಹೋಮಿನ ಹೆಂಗಸು ಏನೂ ಕೇಳದೆ ಕಾಗದದ ಲೋಟದಲ್ಲಿ ನೀರು ತಂದುಕೊಟ್ಟಳು.

"ನೀರಾಗ ಕಲಿಸಿ ಹಚ್ರಿ ಅಕ್ಕಾರ," ಎಂದರು ಶಿವಪ್ರಕಾಶ. ಸಿಡ್ನಿಯ ಬ್ಲ್ಯಾಕ್‌ಟೌನಿನ ಸುತ್ತಮುತ್ತ ಧಾರವಾಡ, ಬೆಳಗಾವಿ ಕಡೆಯ ಮನೆಗಳಲ್ಲಿ ಒಳ್ಳೆಯದು ಕೆಟ್ಟದ್ದು ಏನಾದರೂ ಮುಂದೆ ನಿಂತು ಮಾಡಿಸುವವರು ಅವರೇ. ಉಳಿದ ದಿನಗಳಲ್ಲಿ ರೈಲ್ವೆಯ ಸಿಗ್ನಲ್ ಎಂಜಿನಿಯರು. ನಮ್ಮಲ್ಲಿಯಂತೆ ಕೂರಿಸಿ ಮಣ್ಣು ಮಾಡಲು ಇಲ್ಲಿ ಬಿಡುವುದಿಲ್ಲ, ಮಲಗಿಸಿಯೇ ಇಡಬೇಕಾಗುತ್ತದೆ ಎಂದು ಅವರು ನಿನ್ನೆಯಿಂದ ಮೂರು ಸಲ ಹೇಳಿದ್ದರು, ತಮ್ಮದೇ ತಪ್ಪೇನೋ ಎಂಬಂತೆ. ಮೂರು ಸಲವೂ ಅವಳು "ಇರ್ಲಿ ಬಿಡ್ರಿ" ಎಂದಿದ್ದಳು.

ಐದು ದಿನಗಳಿಂದ ಅವಳಿಗೆ ಅಳು ಬಂದಿರಲಿಲ್ಲ. ಹಸಿವೂ ಆಗಿರಲಿಲ್ಲ, ಆದರೆ ಎದುರಿಗೆ ತಟ್ಟೆ ಇಟ್ಟರೆ ಊಟ ಮಾಡುತ್ತಿದ್ದಳು. ವಿರುಪಾಕ್ಷ ಬೆಳಗಿನ ವಾಕಿಂಗಿಗೆ ಹೊರಡಲು ಮಂಚದ ಅಂಚಿನಲ್ಲಿ ಕೂತು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡಿದ್ದ. ಇನ್ನೊಂದು ಕೈಯಲ್ಲೇ ಇತ್ತು. ಅವಳು ಚಹಾ ಸೋಸಿ ತರುವಷ್ಟರಲ್ಲಿ ಮುಗಿದುಹೋಗಿತ್ತು. ಬಂದವರಿಗೆಲ್ಲ ಇಷ್ಟನ್ನೇ ಹೇಳಿದ್ದಳು. ಹೇಳಿ ಹೇಳಿ ಅದು ಬೇರೆ ಯಾರದೋ ಮನೆಯಲ್ಲಿ ನಡೆದದ್ದರಂತೆ ಆಗಿತ್ತು.

ಒದ್ದೆ ವಿಭೂತಿಯ ಎರಡು ಗೆರೆ ಕೂತವು. ಮೂರನೆಯದನ್ನು ಎಳೆಯುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ಮಗಳು ನಿಹಾರಿಕಾ ಸಣ್ಣ ದನಿಯಲ್ಲಿ ಹೇಳಿದಳು: "ಅಮ್ಮಾ, ಮುತ್ತು ಅಂಕಲ್ ಬರ್ತಿದಾರೆ. ನಿನ್ನೆ ಸಂಜೆ ನಾನೇ ಫೋನ್ ಮಾಡಿದ್ದೆ. ಅವ್ರಿಗೆ ಏನೂ ಗೊತ್ತೇ ಇರ್ಲಿಲ್ಲ. ಅಪ್ಪಂಗೆ ಬೈಪಾಸ್ ಆಗಿದ್ದೂ ಗೊತ್ತಿರ್ಲಿಲ್ಲ. ನೀನ್ ಹೇಳಿದೀಯ ಅಂದ್ಕೊಂಡಿದ್ದೆ."

ಶೈಲಶ್ರೀಯ ಬೆರಳು ಹಣೆಯ ನಡುವೆಯೇ ನಿಂತಿತು. ಆಮೇಲೆ ಅವಳು ಗೆರೆಯನ್ನು ಕೊನೆಯವರೆಗೂ ಎಳೆದು, ಲೋಟದ ನೀರಿನಲ್ಲಿ ಕೈ ಅದ್ದಿ, ಸೆರಗಿಗೆ ಒರೆಸಿಕೊಂಡಳು.

*

ಮಾಸಾನಮುತ್ತು ನಾಗರಕೋಯಿಲಿನ ಕಡೆಯವನು. ಹರೆಯದಲ್ಲಿ ಹನ್ನೆರಡು ವರ್ಷ ಬೆಂಗಳೂರಿನ ಶ್ರೀರಾಂಪುರದಲ್ಲಿದ್ದು ಲೇತ್ ಕೆಲಸ ಮಾಡಿದ್ದರಿಂದ ಕನ್ನಡ ಸರಾಗವಾಗಿ ಬರುತ್ತಿತ್ತು. ವೆಸ್ಟ್‌ಮೀಡಿನ ಆಸ್ಪತ್ರೆಯಲ್ಲಿ ಆತ ರೋಗಿಗಳನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಹೋಗುವ ಕೆಲಸಕ್ಕಿದ್ದ. ವಿರುಪಾಕ್ಷ ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ತೊಳೆದು, ಎಣಿಸಿ, ಟ್ರೇಗಳಲ್ಲಿ ಜೋಡಿಸಿ, ಹಬೆಯ ಯಂತ್ರದೊಳಗೆ ಇಡುತ್ತಿದ್ದ. ಊಟದ ಕೋಣೆಯಲ್ಲಿ ಇಬ್ಬರೂ ಒಂದೇ ಮೇಜಿಗೆ ಕೂರುತ್ತಿದ್ದರು.

ಮುತ್ತುವಿನ ಅಪ್ಪ, ಅಜ್ಜ ಎಲ್ಲ ವಿಲ್ಲುಪಾಟ್ಟಿನವರು. ಆಳುದ್ದದ ಬಿಲ್ಲಿಗೆ ಗಂಟೆಗಳನ್ನು ಕಟ್ಟಿ, ಅದನ್ನು ಮಣ್ಣಿನ ಕೊಡದ ಮೇಲೆ ಆನಿಸಿ, ಎರಡು ಕೋಲುಗಳಿಂದ ಹೆದೆಗೆ ಬಡಿಯುತ್ತ ದೇವರ ಕತೆ ಹಾಡುವುದು ಅವರ ಮನೆತನದ ಕೆಲಸ. ಸಿಡ್ನಿಯಲ್ಲೂ ಆತ ಐದಾರು ಜನರನ್ನು ಕೂಡಿಸಿ ಮೇಳ ಕಟ್ಟಿದ್ದ. ಕೊಡ ಬಾರಿಸುವವನು ಪರ್ತ್‌ಗೆ ಹೋಗಿಬಿಟ್ಟಾಗ, ಊಟದ ಮೇಜಿನಲ್ಲಿ ವಿರುಪಾಕ್ಷನನ್ನು ಕೇಳಿದನಂತೆ, ನಿನಗೆ ತಾಳ ಗೊತ್ತೇನಪ್ಪ ಎಂದು. ವಿರುಪಾಕ್ಷ ಕಲಘಟಗಿಯ ಮಠದ ಭಜನೆಯಲ್ಲಿ ಹತ್ತು ವರ್ಷ ತಾಳ ಹಿಡಿದವನು. ತಮಿಳು ಬರುವುದಿಲ್ಲ ಎಂದ. ಕೊಡಕ್ಕೂ ಬರುವುದಿಲ್ಲ, ಬಾ ಎಂದನಂತೆ ಮುತ್ತು.

ಹಾಗೆ ಹನ್ನೊಂದು ವರ್ಷ. ಎಡಗೈಯಲ್ಲಿ ಬಿಲ್ಲನ್ನೂ ಕೊಡವನ್ನೂ ಅಲುಗಾಡದಂತೆ ಹಿಡಿದು ಬಲಗೈಯಲ್ಲಿ ಹಿಡಿದ ಅಡಿಕೆ ಹಾಳೆಯಿಂದ ಕೊಡದ ಬಾಯಿಗೆ ಬಡಿಯುವುದು ಅವನ ಕೆಲಸ. ಬಿಲ್ಲು ಸರಿದರೆ ಹಾಡುವವನ ತಾಳವೂ ಸರಿಯುತ್ತದೆ. ಸಿಡ್ನಿಯ ತಮಿಳರು ಅವನನ್ನು ಕುಡಂ ವಿರುಪಾಕ್ಷ ಎಂದೇ ಕರೆದರು. ಕುಡಂ ಎಂದರೆ ಅವರಲ್ಲಿ ಕೊಡ. ಹಾಡಿನ ಸಾಲುಗಳನ್ನು ಅವನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿತ. ಐದು ವರ್ಷದ ಹಿಂದೆ ಮುತ್ತು ಮಗನ ಹತ್ತಿರ ಮೆಲ್ಬರ್ನಿಗೆ ಹೋದ ಮೇಲೂ, ಪ್ರತಿ ವರ್ಷ ಆಡಿ ತಿಂಗಳ, ಅಂದರೆ ಆಷಾಢದ, ಅಮ್ಮನವರ ಪೂಜೆಗೆ ವಿರುಪಾಕ್ಷ ಒಂಬತ್ತು ಗಂಟೆ ಕಾರು ಓಡಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದ. ಕೊಡ ಪಕ್ಕದ ಸೀಟಿನಲ್ಲಿ, ಸೀಟ್ ಬೆಲ್ಟ್ ಹಾಕಿಕೊಂಡು.

ಶೈಲಶ್ರೀ ಒಂದೇ ಒಂದು ಸಲ ಕಾರ್ಯಕ್ರಮಕ್ಕೆ ಹೋಗಿದ್ದಳು. ಭಾಷೆ ತಿಳಿಯದೆ ಮೂರು ಗಂಟೆ ಕೂತು ಬೆನ್ನು ನೋಯಿಸಿಕೊಂಡು ಬಂದಳು. ಆದರೆ ಕತೆಗಳೆಲ್ಲ ಅವಳಿಗೆ ಗೊತ್ತಿದ್ದವು. ಕಾರ್ಯಕ್ರಮ ಮುಗಿಸಿ ಬಂದ ಮರುದಿನ ಅವಳು ರೊಟ್ಟಿ ಬಡಿಯುತ್ತಿರುವಾಗ ಅವನು ಅಡುಗೆಮನೆಯಲ್ಲಿ ಸ್ಟೂಲು ಎಳೆದುಕೊಂಡು ಕೂರುತ್ತಿದ್ದ. ಗಂಡ ಕೊಂದ ಹೆಂಡತಿ ದೇವತೆಯಾಗಿ ಎದ್ದು ಬಂದದ್ದು, ಸುಡುಗಾಡು ಕಾಯುವ ದೇವರು ತಾಯಿಯ ಹತ್ತಿರ ಹೊಟ್ಟೆ ತುಂಬಲಿಲ್ಲವೆಂದು ಹಟ ಮಾಡಿದ್ದು, ಎಲ್ಲವನ್ನೂ ಧಾರವಾಡದ ಮಾತಿನಲ್ಲಿ ಹೇಳುತ್ತಿದ್ದ. ಉಳಿದ ದಿನಗಳಲ್ಲಿ ಅಷ್ಟು ಮಾತಾಡುವವನಲ್ಲ.

ಅವಳು ಅರ್ಧ ಕೇಳುತ್ತಿದ್ದಳು. ಇನ್ನರ್ಧ, ಅವನು ಮನೆಯಲ್ಲಿರದ ಶನಿವಾರಗಳನ್ನು ನೆನೆಯುತ್ತಿದ್ದಳು.

*

ಸ್ಮಶಾನದ ಸಣ್ಣ ಹಾಲಿನಲ್ಲಿ ಅರವತ್ತು ಕುರ್ಚಿ ಹಾಕಿದ್ದರು. ಅರ್ಧದಷ್ಟು ತುಂಬಿದ್ದವು. ಅಳಿಯ ಯತೀಶ್ ಮೊಬೈಲ್ ನೋಡಿಕೊಂಡು ಎರಡು ನಿಮಿಷ ಮಾತಾಡಿದ: ಮಾವ ಯಾರ ಮೇಲೂ ದನಿ ಏರಿಸಿದವರಲ್ಲ, ತಮ್ಮ ಹೊಸ ಮನೆಯ ಹಿತ್ತಲಿನಲ್ಲಿ ಅವರು ಹಾಕಿದ ಕರಿಬೇವು ಈಗ ಬೇಲಿಗಿಂತ ಎತ್ತರವಾಗಿದೆ ಎಂದ. ನಂತರ ವಿರುಪಾಕ್ಷನ ಜೊತೆ ಕೆಲಸ ಮಾಡಿದ್ದ ಫಿಲಿಪ್ಪೀನ್ಸಿನ ಹೆಂಗಸೊಬ್ಬಳು ಎದ್ದಳು. ಹತ್ತೊಂಬತ್ತು ವರ್ಷದಲ್ಲಿ ಅವನು ಜೋಡಿಸಿದ ಒಂದು ಟ್ರೇ ಕೂಡ ಲೆಕ್ಕ ತಪ್ಪಿದೆಯೆಂದು ಆಪರೇಷನ್ ಥಿಯೇಟರಿನಿಂದ ವಾಪಸ್ ಬಂದಿರಲಿಲ್ಲ ಎಂದಳು. ಹೊಸದಾಗಿ ಸೇರಿದವರಿಗೆ, ಎಣಿಸುವಾಗ ಬಾಯಿ ಬಿಟ್ಟು ಎಣಿಸಬೇಕು, ಮನಸ್ಸಿನಲ್ಲಿ ಎಣಿಸಬಾರದು ಎಂದು ಹೇಳಿಕೊಡುತ್ತಿದ್ದನಂತೆ. ಅಷ್ಟು ಹೇಳಿ ಕೂತಳು.

ಮಾಸಾನಮುತ್ತು ಹಿಂದಿನ ಸಾಲಿನಲ್ಲಿದ್ದ. ಶೈಲಶ್ರೀ ತಿರುಗಿ ನೋಡದೆಯೇ ಅದನ್ನು ತಿಳಿದಳು. ಆತ ಒಳಗೆ ಬಂದಾಗ ನಿಹಾರಿಕಾ ಎದ್ದು ಹೋಗಿ ಅತ್ತ ದನಿ ಕೇಳಿಸಿತ್ತು. ನೀವೊಂದು ನಾಲ್ಕು ಸಾಲು ಹಾಡಿ ಅಂಕಲ್, ಅಪ್ಪನಿಗೆ ಇಷ್ಟವಾಗುತ್ತಿತ್ತು ಎಂದು ಅವಳು ಕೇಳಿದಳು. ಆತ "ಇವತ್ತು ಬೇಡಮ್ಮ" ಎಂದ. ಮತ್ತೆ ಕೇಳಿದ್ದಕ್ಕೂ ಅದೇ ಮಾತು.

ಶಿವಪ್ರಕಾಶರು ಇಷ್ಟಲಿಂಗವನ್ನು ಶವದ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಯಾರೋ ಹಿತ್ತಲಲ್ಲಿ ಬೆಳೆಸಿದ್ದ ಗಿಡದಿಂದ ಹನ್ನೊಂದು ಬಿಲ್ವಪತ್ರೆ ತಂದಿದ್ದರು. ಹೊರಗೆ ಗುಂಡಿಯ ಸುತ್ತ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿತ್ತು. ಪೆಟ್ಟಿಗೆ ಪಟ್ಟಿಗಳ ಮೇಲೆ ನಿಧಾನವಾಗಿ ಇಳಿಯುವಾಗ ಶೈಲಶ್ರೀಗೆ ಹೊಳೆದದ್ದು ಒಂದೇ: ಇವತ್ತು ಮಂಗಳವಾರ, ಕೆಂಪು ಮುಚ್ಚಳದ ಕಸದ ಡಬ್ಬಿಯನ್ನು ಬೀದಿಗೆ ಇಡಬೇಕಿತ್ತು. ಹಿಡಿ ಮಣ್ಣು ಹಾಕಿ ಎಂದರು. ಹಾಕಿದಳು. ಎದುರಿನ ಬದಿಯಲ್ಲಿ ಮುತ್ತು ಬಗ್ಗಿ ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡು, ಹಾಕದೆ, ಹಾಗೇ ಹಿಡಿದು ನಿಂತಿದ್ದ. ಹಿಂದಿದ್ದವರು ಕಾಯಬೇಕಾಯಿತು.

*

ಕಳೆದ ಜುಲೈಯಲ್ಲಿ ವಿರುಪಾಕ್ಷನಿಗೆ ಎದೆ ನೋವು ಬಂದು, ಮರುದಿನವೇ ಬೈಪಾಸ್ ಮಾಡಿದರು. ಅವನ ಫೋನು ಶೈಲಶ್ರೀಯ ಬ್ಯಾಗಿನಲ್ಲಿತ್ತು. ಐಸಿಯುವಿನ ಹೊರಗೆ ಅವಳು ಕೂತಿದ್ದಾಗ ಮುತ್ತುವಿನ ಕರೆ ನಾಲ್ಕು ಸಲ ಬಂತು. ಅವಳು ಎತ್ತಲಿಲ್ಲ. ಆಮೇಲೆ ಮೆಸೇಜು: ಆಡಿ ಪೂಜೆಗೆ ಹತ್ತೇ ದಿನ ಇದೆ, ತಂಬಿ, ಯಾವಾಗ ಹೊರಡುತ್ತೀ?

ಗಾಜಿನಾಚೆ ಅವನ ಬಾಯಿಗೆ ಕೊಳವೆ ಇತ್ತು. ಒಂಬತ್ತು ಗಂಟೆ ಕಾರು, ಎರಡು ದಿನ ನಿದ್ದೆಗೇಡು, ಆ ಭಾರದ ಬಿಲ್ಲು. ಹುಷಾರಾದ ಮರುಗಳಿಗೆ ಇವನು ಮತ್ತೆ ಹೊರಡುತ್ತಾನೆ, ಆತ ಕರೆದರೆ ಇಲ್ಲವೆನ್ನುವುದು ಇವನಿಗೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವಳು ಗಂಡನ ಫೋನಿನಿಂದಲೇ ಇಂಗ್ಲಿಷಿನಲ್ಲಿ ಬರೆದಳು: ಇನ್ನು ಮುಂದೆ ನನ್ನನ್ನು ಕರೆಯಬೇಡಿ. ನನಗೆ ಇದರಲ್ಲಿ ಆಸಕ್ತಿ ಉಳಿದಿಲ್ಲ.

ಉತ್ತರ ತಕ್ಷಣ ಬಂತು. ಭಾಷೆಯೇ ಬಾರದವನನ್ನು ಹನ್ನೊಂದು ವರ್ಷ ಪಕ್ಕದಲ್ಲಿ ಕೂರಿಸಿಕೊಂಡದ್ದು ನನ್ನ ತಪ್ಪು ಎಂದಿತ್ತು. ಅವಳು ಎರಡನ್ನೂ ಅಳಿಸಿದಳು. ಒಳ್ಳೆಯದೇ ಆಯಿತು ಅನ್ನಿಸಿತು ಆಗ.

ಮನೆಗೆ ಬಂದ ಮೇಲೆ ವಿರುಪಾಕ್ಷ ಕೇಳಿದ, ಮುತ್ತಣ್ಣನಿಗೆ ತಿಳಿಸಿದೆಯಾ ಎಂದು. ತಿಳಿಸಿದ್ದೇನೆ ಎಂದಳು. ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು ಹಾಗೆ ಬಾಯಿಗೆ ಬಂದಿತ್ತು. ಅವನು ಕಾದ. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಫೋನು ಸದ್ದು ಮಾಡಿದಾಗಲೆಲ್ಲ ಹೆಸರು ನೋಡಿ ಕೆಳಗಿಡುತ್ತಿದ್ದ. ದೀಪಾವಳಿಯ ದಿನ ತಾನೇ ಒಂದು ಸಲ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. "ಕೆಲಸ್ದಾಗ ಇರಬೇಕು," ಎಂದ. ಮತ್ತೆ ಮಾಡಲಿಲ್ಲ.

ಅವಳು ಬಯಸಿದಂತೆ ಅವನು ಮನೆಯಲ್ಲಿದ್ದ. ಕೊಟ್ಟದ್ದನ್ನು ಉಣ್ಣುತ್ತಿದ್ದ, ಹೇಳಿದಷ್ಟು ನಡೆಯುತ್ತಿದ್ದ. ಶನಿವಾರಗಳಲ್ಲಿ ಗರಾಜಿನ ಬಾಗಿಲು ಎತ್ತಿ ಮಡಚು ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಿದ್ದ. ಅಡುಗೆಮನೆಯ ಸ್ಟೂಲಿನ ಮೇಲೆ ಒಗೆಯುವ ಬಟ್ಟೆಯ ಬುಟ್ಟಿ ಬಂದು ಕೂತಿತು. ಎಷ್ಟೋ ಸಲ ಹೇಳಿಬಿಡಬೇಕೆಂದು ಅವಳು ಗರಾಜಿನವರೆಗೆ ಹೋಗಿದ್ದಳು. ಚಹಾ ಬೇಕೇನು ಎಂದು ಕೇಳಿ ವಾಪಸ್ ಬಂದಿದ್ದಳು.

*

ಮಧ್ಯಾಹ್ನ ಮನೆಯ ತುಂಬ ಜನ. ಪಕ್ಕದ ಬೀದಿಯ ಅನಸೂಯಾ ದೊಡ್ಡ ಪಾತ್ರೆಗಳಲ್ಲಿ ಅನ್ನ ಸಾರು ತಂದು ಬಡಿಸುತ್ತಿದ್ದಳು. ಹಾಲಿನಲ್ಲಿ ಗಂಡಸರ ಮಾತು ಮಾರ್ಟ್‌ಗೇಜಿನ ಬಡ್ಡಿಗೂ, ಯಾರದೋ ಪಿಆರ್ ವೀಸಾ ತಡವಾದದ್ದಕ್ಕೂ ಹೊರಳಿತ್ತು. ಶೈಲಶ್ರೀ ಹಿತ್ತಲ ಬಾಗಿಲಿಗೆ ಬಂದಾಗ ಮುತ್ತು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ. ಮಣ್ಣು ಯಾವಾಗಲೋ ಹೋಗಿತ್ತು, ಆದರೂ ತೊಳೆಯುತ್ತಲೇ ಇದ್ದ. ಅವಳು ಕೊನೆಯ ಸಲ ನೋಡಿದ್ದಕ್ಕಿಂತ ಸಣ್ಣಗಾಗಿದ್ದ. ಕಣ್ಣು ಕೆಂಪಾಗಿತ್ತು. ನಿಹಾರಿಕಾ ಫೋನ್ ಮಾಡಿದ ರಾತ್ರಿಯೇ ಹೊರಟು, ಮಲಗದೆ ಒಬ್ಬನೇ ಕಾರು ಓಡಿಸಿಕೊಂಡು ಬಂದವನು.

"ಅಮ್ಮ, ಒಂದು ಮಾತು ಕೇಳ್ಬೇಕು," ಎಂದ ನಲ್ಲಿ ನಿಲ್ಲಿಸಿ. "ಆಪರೇಷನ್ ಆಗಿದ್ದು ಯಾವತ್ತು?"

"ಜುಲೈ ಹದಿನೆಂಟು."

ಆತ ಜೇಬಿನಿಂದ ಫೋನು ತೆಗೆದ. ಹುಡುಕಬೇಕಾಗಲಿಲ್ಲ, ಎಷ್ಟು ಸಲ ತೆಗೆದು ನೋಡಿದ್ದನೋ. "ಹದಿನೆಂಟನೇ ತಾರೀಖೇ ಬರ್ದಿದಾನೆ ನೋಡಿ. ಎದೆ ಕುಯ್ಸ್ಕೊಂಡು ಮಲ್ಗಿರೋ ಮನುಷ್ಯ, ಏನ್ ಯೋಚ್ನೆ ಬಂತೋ, ಇನ್ ನನ್ ಕೈಲಾಗಲ್ಲ ಅನ್ನಿಸ್ತೋ. ನನಗದು ತಿಳೀಲಿಲ್ಲ. ನಾನ್ ಏನ್ ಉತ್ತರ ಕೊಟ್ಟೆ ಅಂತ ನಿಮಗ್ ಗೊತ್ತಿಲ್ಲ ಅಮ್ಮ. ಗೊತ್ತಿದ್ರೆ ನನ್ನ ಈ ಮನೆ ಒಳಗೆ ಸೇರಿಸ್ತಿರ್ಲಿಲ್ಲ."

ಹನ್ನೊಂದು ವರ್ಷ ತಂಬಿಯ ಕೈ ತನ್ನ ಬಿಲ್ಲನ್ನು ಹಿಡಿದಿತ್ತು, ಒಂದು ದಿನ ಸರಿಯಲಿಲ್ಲ, ಅಂಥವನಿಗೆ ಭಾಷೆ ಬಾರದವನು ಅಂದೆ, ಅದನ್ನು ಓದಿಕೊಂಡೇ ಅವನು ಹೋದ ಎಂದು ಆತ ತಡೆತಡೆದು ಹೇಳಿದ. ದೀಪಾವಳಿಗೆ ಅವನ ಫೋನು ಬಂದಾಗ ಬೈಯಲು ಮಾಡಿದ್ದಾನೆಂದು ತಿಳಿದು ಎತ್ತಲಿಲ್ಲ ಎಂದೂ ಹೇಳಿದ.

ಶೈಲಶ್ರೀ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಆತನಿಗೆ ಅವಳ ಮೇಲೆ ಅನುಮಾನವಿಲ್ಲ. ಸುಮ್ಮನಿದ್ದರೆ ಇದು ಇಲ್ಲಿಗೇ ಮುಗಿಯುತ್ತದೆ. ಸಂಜೆ ಆತ ಹೊರಟುಹೋಗುತ್ತಾನೆ. ಕೇಳುವವರು ಯಾರೂ ಇಲ್ಲ.

"ಅವರು ಓದಲಿಲ್ಲರಿ," ಎಂದಳು. "ಆ ಮೆಸೇಜ್ ಬರದಾಕಿ ನಾನು. ಅವರಿಗೆ ಎಚ್ಚರಾನ ಇರಲಿಲ್ಲ. ನೀವು ಬರದದ್ದನ್ನ ನಾ ಓದಿದೆ. ಓದಿ ಅಳಿಸಿಬಿಟ್ಟೆ."

ಮುತ್ತು ಅವಳ ಮುಖವನ್ನೇ ನೋಡಿದ. ಬೈಗುಳಕ್ಕೆ ಅವಳು ಕಾದು ನಿಂತಳು. ಆದರೆ ಆತನ ಮುಖದಲ್ಲಿ ಬಂದದ್ದು ಬೇರೆ.

"ಓದ್ಲಿಲ್ವಾ? ತಂಬಿ ಓದ್ಲೇ ಇಲ್ವಾ?"

"ಇಲ್ಲ."

ಆತ ಗೋಡೆಗೆ ಒರಗಿ ಹಾಗೇ ಜಾರಿ ನೆಲಕ್ಕೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ದೊಡ್ಡ ದನಿಯ ಮನುಷ್ಯ, ಅಳುವುದೂ ದೊಡ್ಡ ದನಿಯಲ್ಲೇ. ಒಳಗೆ ಮಾತು ನಿಂತಿತು. ಅನಸೂಯಾ ಇಣುಕಿ ನೋಡಿ, ಬಾಗಿಲು ಎಳೆದುಕೊಂಡು ಹೋದಳು. ಮುರುಗನ್ ಕಾಪಾಡಿದ, ಓದಲಿಲ್ಲವಲ್ಲ, ಅಷ್ಟು ಸಾಕು ಎಂದು ಆತ ತಮಿಳಿನಲ್ಲಿ ಹೇಳಿಕೊಳ್ಳುತ್ತಿದ್ದ. ಅಷ್ಟು ತಮಿಳು ಶೈಲಶ್ರೀಗೆ ತಿಳಿಯುತ್ತಿತ್ತು.

ಇಲ್ಲಿಗೂ ನಿಲ್ಲಿಸಬಹುದಿತ್ತು. ಆತ ಹಗುರವಾಗಿದ್ದ. ಅವಳು ಮೆಟ್ಟಿಲ ಮೇಲೆ ಕೂತಳು.

"ಇನ್ನೊಂದದ ಅಣ್ಣಾರ. ನಿಮಗ ತಿಳಿಸೇನಿ ಅಂತ ಅವರಿಗೆ ಸುಳ್ಳು ಹೇಳಿದ್ದೆ. ಆಪರೇಷನ್ ಆದದ್ದು ನಿಮಗ ಗೊತ್ತದ ಅಂತನ ಅವರು ತಿಳಕೊಂಡಿದ್ರು. ಗೊತ್ತಿದ್ದೂ ನೀವು ಬರಲಿಲ್ಲ ಅಂತ."

ಅಳು ನಿಂತಿತು. ಬೇಲಿಯಾಚೆ ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಯಂತ್ರ ಶುರು ಮಾಡಿ, ಏನೋ ನೆನಪಾದಂತೆ ಬಂದ್ ಮಾಡಿದರು.

"ಎಂಟ್ ತಿಂಗ್ಳು," ಎಂದ ಮುತ್ತು.

"ಹೌದ್ರಿ."

"ಏನಂದ? ನನ್ನ ಬಗ್ಗೆ ಏನಂತಿದ್ದ?"

"ಏನೂ ಅನ್ನಲಿಲ್ಲ. ಒಮ್ಮೆ ನಾನ ಕೇಳಿದೆ, ನಿಮ್ಮ ಮುತ್ತಣ್ಣ ಬರಲಿಲ್ಲಲ್ಲ ಅಂತ. ಅವರಿಗೆ ದೂರ ಆಗ್ತದ, ವಯಸ್ಸಾಗೇದ ಅಂದ್ರು."

ಮುತ್ತು, ಅವಳಿಗೆ ಹೇಳಿದನೋ ತನಗೆ ಹೇಳಿಕೊಂಡನೋ, "ಒಂಬತ್ತೇ ಗಂಟೆ ದಾರಿ. ನಿನ್ನೆ ರಾತ್ರಿ ಹೊರಟು ಬಂದ್ನಲ್ಲ," ಎಂದ.

ಕ್ಷಮಿಸಿ ಎಂದು ಅವಳು ಕೇಳಲಿಲ್ಲ. ಆತ ಕ್ಷಮಿಸಿದೆ ಎನ್ನಲೂ ಇಲ್ಲ. ಗೋಡೆ ಹಿಡಿದು ಎದ್ದು, ಹೊರಡುತ್ತೇನೆ ಎಂದು ಕಾರಿನ ಕೀ ತೆಗೆದ. ಕೀ ಕೈಯಿಂದ ಜಾರಿತು, ಹೆಕ್ಕಿಕೊಂಡ, ಮತ್ತೆ ಜಾರಿತು. ಬಾಗಿಲಿಗೆ ಬಂದ ನಿಹಾರಿಕಾ ಕೀ ಕಸಿದುಕೊಂಡು, ಅಂಕಲ್, ಈ ಸ್ಥಿತಿಯಲ್ಲಿ ಡ್ರೈವ್ ಮಾಡಲು ಬಿಡುವುದಿಲ್ಲ ಎಂದಳು. ಆತ ಶೈಲಶ್ರೀಯ ಕಡೆ ನೋಡಿದ.

"ಒಳಗ ಬರ್ರಿ," ಎಂದಳು ಶೈಲಶ್ರೀ. "ಒಂದ್ ತಾಸು ಮಲಕ್ಕೊಳ್ರಿ."

ಮುಂದಿನ ಕೋಣೆಯ ಮಂಚದ ಮೇಲೆ ಬಂದವರ ಬ್ಯಾಗು, ಕೋಟುಗಳಿದ್ದವು. ಅವನ್ನೆಲ್ಲ ಎತ್ತಿ ನೆಲಕ್ಕಿಟ್ಟು, ಒಗೆದ ಚಾದರ ಹಾಸಿ, ಕಿಟಕಿಯ ಪರದೆ ಎಳೆದಳು. ಆತ ಶೂ ಬಿಚ್ಚಿ ಬಾಗಿಲ ಹೊರಗಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವಳು ಹೊದಿಕೆ ತರುವಷ್ಟರಲ್ಲಿ ನಿದ್ದೆ ಹತ್ತಿತ್ತು. ಗೊರಕೆ ಶುರುವಾಯಿತು. ಹಾಲಿನಲ್ಲಿ ಯಾರೋ ಹಾಕಿದ್ದ ವಚನದ ರೆಕಾರ್ಡನ್ನು ಅವಳು ಹೋಗಿ ನಿಲ್ಲಿಸಿದಳು. ಮಕ್ಕಳನ್ನು ಹಿತ್ತಲಿಗೆ ಕಳಿಸಿದಳು. ಒಳಗೆ ಯಾರು ಎಂದು ಶಿವಪ್ರಕಾಶರು ಕೇಳಿದ್ದಕ್ಕೆ, "ನಮ್ಮವರೊಬ್ಬರು ಮಲಗ್ಯಾರ, ಸಣ್ಣಕ ಮಾತಾಡ್ರಿ," ಎಂದಳು.

ಆಮೇಲೆ ಬಾಗಿಲ ಹೊರಗಿದ್ದ ಆ ಶೂಗಳನ್ನು ಎತ್ತಿಕೊಂಡು ಮುಂಬಾಗಿಲ ಮೆಟ್ಟಿಲಿಗೆ ಬಂದು ಕೂತಳು. ಹಿಂದಿನ ದಿನದ ಮಳೆಗೆ ಸ್ಮಶಾನದ ಜೇಡಿ ನೆನೆದು, ಅಡಿಗಳಿಗೆ ದಪ್ಪಗೆ ಮೆತ್ತಿ, ಈಗ ಅರ್ಧ ಒಣಗಿತ್ತು. ಬಿದ್ದಿದ್ದ ಕಡ್ಡಿಯೊಂದನ್ನು ಆರಿಸಿಕೊಂಡು ಅವಳು ಅಡಿಯ ಒಂದೊಂದೇ ಸಂದಿಯಿಂದ ಮಣ್ಣು ಬಿಡಿಸತೊಡಗಿದಳು. ಕಿಟಕಿಯೊಳಗಿಂದ ಗೊರಕೆ ಕೇಳುತ್ತಿತ್ತು. ಬಿಡಿಸಿದ ಮಣ್ಣನ್ನು ಕೆಳಗೆ ಕೆಡವದೆ, ಮಡಿಲಲ್ಲಿ ಸೆರಗು ಹರಡಿ, ಅದರಲ್ಲಿ ಹಾಕಿಕೊಳ್ಳುತ್ತ ಹೋದಳು.